ಕೆಂಪು ಗಾರೆ ನೆಲ: ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು

ಚಿತ್ರದುರ್ಗದ ಹಳೇ ಬೀದಿಗಳಲ್ಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಿಂದಿನ ತಲೆಮಾರಿನ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ ಇನ್ನೂ ಉಳಿದಿದೆ. ಮನೆಯಲ್ಲಿ ಮದುವೆ ಗೊತ್ತಾಗಿ ಸುಣ್ಣಬಣ್ಣದ ಮಾತು ಬಂದಾಗ ನೆಲ ಮಂಕಾಗಿರುವುದು ಕಣ್ಣಿಗೆ ಬೀಳುತ್ತದೆ. ಆಗ ಬರುವ ಸಲಹೆ ಎರಡು: ಮೆಷಿನ್ ಪಾಲಿಶ್ ಮಾಡಿಸಿ, ಇಲ್ಲವೇ ಮೇಲೆ ಟೈಲ್ಸ್ ಹಾಕಿಸಿ. ನೆಲ ಗಟ್ಟಿಯಾಗಿದ್ದರೆ ಎರಡೂ ಬೇಡ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಮೆಷಿನ್ ಪಾಲಿಶ್ ಮೊಸಾಯಿಕ್‌ಗೆ ಸರಿ. ಅಲ್ಲಿ ಕಲ್ಲಿನ ಚೂರು ಆಳದವರೆಗೂ ಇರುತ್ತದೆ. ಕೆಂಪು ನೆಲದಲ್ಲಿ ಬಣ್ಣ ಇರುವುದು ಗಾರೆಯ ಮೇಲೆ ಕರಣೆಯಿಂದ ತಿಕ್ಕಿ ಕೂರಿಸಿದ ಕೆಲವೇ ಮಿಲಿಮೀಟರಿನ ಪದರದಲ್ಲಿ ಮಾತ್ರ. ಕೈಯಲ್ಲಿ ಮಾಡಿದ ನೆಲ ಪೂರ್ತಿ ಸಮತಟ್ಟಾಗಿರುವುದಿಲ್ಲ. ಯಂತ್ರ ಉಬ್ಬಿದ ಕಡೆ ಹೆಚ್ಚು ಕೆರೆಯುತ್ತದೆ, ಅಲ್ಲಿ ಸಿಮೆಂಟಿನ ಬೂದುಬಣ್ಣ ಮೇಲೆ ಬರುತ್ತದೆ. ಹೊಸ ಫ್ಲ್ಯಾಟುಗಳ ಎಂಜಿನಿಯರ್ಡ್ ಮರದ ನೆಲಕ್ಕೂ ಇದೇ ಕಟ್ಟಳೆ: ಪ್ಲೈವುಡ್ ಮೇಲಿನ ನಿಜವಾದ ಮರದ ಪದರ 2 ಮಿ.ಮೀ.ಗಿಂತ ತೆಳುವಾಗಿದ್ದರೆ ಯಂತ್ರದಿಂದ ಉಜ್ಜಿಸದೆ, ಮೇಲ್ಮೈಯನ್ನು ಹಗುರಾಗಿ ಒರಟಾಗಿಸಿ ಹೊಸ ಲೇಪ ಕೊಡುವುದೇ ಕ್ಷೇಮ.

ಟೈಲ್ಸ್ ಒರೆಸಲು ಸುಲಭ, ಕಲೆ ಕಡಿಮೆ ಹಿಡಿಯುತ್ತದೆ ಎಂಬುದು ನಿಜ. ಆದರೆ ಹಳೆ ನೆಲದ ಮೇಲೇ ಹಾಸಿದರೆ ಮಟ್ಟ ಏರುತ್ತದೆ. ಬಾಗಿಲ ಅಡಿ ಕೊಯ್ಯಬೇಕು, ಹೊಸ್ತಿಲು ತಗ್ಗುತ್ತದೆ, ಬಚ್ಚಲಿನ ಇಳಿಜಾರು ಕೆಡುತ್ತದೆ. ಅಂದಾಜು ಪಟ್ಟಿಯಲ್ಲಿ ಇವು ಎಷ್ಟೋ ಸಲ ಇರುವುದೇ ಇಲ್ಲ.

ಮನೆಯಲ್ಲೇ ಮಾಡುವ ದುರಸ್ತಿ ನಿಧಾನದ್ದು, ಆದರೆ ಕಷ್ಟದ್ದಲ್ಲ. ಮೊದಲು ನಾಣ್ಯದಿಂದ ನೆಲವನ್ನು ತಟ್ಟುತ್ತಾ ಹೋಗಿ ಟೊಳ್ಳು ಸದ್ದು ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು. ಹಳೆಯ ಮೇಣ, ಜಿಡ್ಡನ್ನು ಸೋಪಿನ ಬಿಸಿನೀರಿನಲ್ಲಿ ತೊಳೆದು ತೆಗೆಯಬೇಕು. ಆಸಿಡ್ ಮಾತ್ರ ಬೇಡ, ಅದು ಸಿಮೆಂಟನ್ನೇ ತಿನ್ನುತ್ತದೆ. ಕೂದಲೆಳೆ ಬಿರುಕನ್ನು ಹಾಗೇ ಬಿಡಬಹುದು. ಅಗಲವಾದದ್ದನ್ನು ಕೆತ್ತಿ, ನೆನೆಸಿ, ಸಿಮೆಂಟು–ಆಕ್ಸೈಡ್ ತುಂಬಬೇಕು. ಬಣ್ಣ ಗಾಢವಾಗಲೆಂದು ಪುಡಿ ಸುರಿಯಬಾರದು: ಸಿಮೆಂಟಿನ ತೂಕದ ನೂರಕ್ಕೆ 10 ಮೀರಿದರೆ ತೇಪೆಯ ಬಲ ಕುಗ್ಗುತ್ತದೆ. ಹಸಿ ಇದ್ದಾಗ ಕಂಡ ಕೆಂಪು ಒಣಗಿದ ಮೇಲೆ ತಿಳಿಯಾಗುವುದರಿಂದ ಮೂಲೆಯಲ್ಲೊಂದು ಮಾದರಿ ಹಾಕಿ ನೋಡುವುದು ಒಳ್ಳೆಯದು.

ಈ ಜಿಲ್ಲೆಯಲ್ಲಿ ಕೆಲಸ ಕೆಡುವುದು ಮುಖ್ಯವಾಗಿ ಒಣ ಗಾಳಿಯಿಂದ. ಜೋಗಿಮಟ್ಟಿ ಕಡೆಯ ಗುಡ್ಡಗಳಲ್ಲಿ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ತೇಪೆಯ ನೀರನ್ನೂ ಹೀರುತ್ತದೆ, ಮೇಲ್ಮೈಯಲ್ಲಿ ಜೇಡರಬಲೆಯಂಥ ಬಿರುಕು ಮೂಡುತ್ತದೆ. ಸಿಮೆಂಟು ಗಟ್ಟಿಯಾಗುವುದು ನೀರಿನೊಂದಿಗೆ ಬೆರೆತು ನಡೆಯುವ ರಾಸಾಯನಿಕ ಕ್ರಿಯೆಯಿಂದ, ಒಣಗುವುದರಿಂದಲ್ಲ. ಹಾಗಾಗಿ ಕಿಟಕಿ ಮುಚ್ಚಿ, ಒದ್ದೆ ಗೋಣಿಚೀಲ ಹೊದಿಸಿ ಕನಿಷ್ಠ 7 ದಿನ ನೆನೆಸಬೇಕು. ಬೇಸಿಗೆಗಿಂತ ಮಳೆಗಾಲ ಕಳೆದ ತಿಂಗಳುಗಳು ಇದಕ್ಕೆ ಮೇಲು.

ಆಮೇಲೆ ನೀರು ಚಿಮುಕಿಸಿ ನಯವಾದ ಎಮರಿ ಪೇಪರಿನಿಂದ ಕೈಯಲ್ಲೇ ಉಜ್ಜಬೇಕು. ಒಣದಾಗಿ ಉಜ್ಜಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೆಲ ಪೂರ್ತಿ ಆರಿದ ಮೇಲೆ ತೆಳುವಾಗಿ ಮೇಣ ಇಲ್ಲವೇ ಕೊಬ್ಬರಿ ಎಣ್ಣೆ ಸವರಿ ಬಟ್ಟೆಯಿಂದ ತಿಕ್ಕಿದರೆ ಕೆಂಪು ಮತ್ತೆ ಎದ್ದು ಬರುತ್ತದೆ. ದಪ್ಪಗೆ ಬಳಿದರೆ ವಯಸ್ಸಾದವರು ಜಾರುತ್ತಾರೆ, ಧೂಳೂ ಅಂಟುತ್ತದೆ.

ಈ ವಿಧಾನಕ್ಕೂ ಮಿತಿಯುಂಟು. ತೇಪೆಯ ಬಣ್ಣ ಹಳೆಯ ನೆಲಕ್ಕೆ ಪೂರ್ತಿ ಕೂಡುವುದಿಲ್ಲ. ಅರ್ಧ ಕೋಣೆ ಟೊಳ್ಳು ಸದ್ದು ಕೊಟ್ಟರೆ, ತಳದ ಮಣ್ಣು ಕುಸಿದಿದ್ದರೆ, ಕಿತ್ತು ಹೊಸದಾಗಿ ಹಾಕಿಸುವುದೇ ಸರಿ. ಆದರೆ ಬರೀ ಮಂಕಾದ ನೆಲಕ್ಕೆ ಆ ಶಿಕ್ಷೆ ಬೇಡ. ಕರಣೆಯಲ್ಲಿ ಕೆಂಪು ನೆಲ ತಿಕ್ಕಬಲ್ಲ ಗಾರೆ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಕಿತ್ತ ನೆಲವನ್ನು ಅದೇ ಗುಣದಲ್ಲಿ ಮತ್ತೆ ಮಾಡಿಸುವುದು ಸುಲಭವಲ್ಲ. ಆದ್ದರಿಂದ ಟೈಲ್ಸ್‌ಗೆ ಮುಂಗಡ ಕೊಡುವ ಮೊದಲು ಒಂದು ಕೋಣೆಯನ್ನಾದರೂ ತೊಳೆದು, ಉಜ್ಜಿ, ಮೇಣ ಹಚ್ಚಿ ನೋಡಿ.