ಮೃಗಾಲಯವನ್ನು ಅಳೆಯುವ ಬಗೆ

ಮೃಗಾಲಯಗಳಿಂದ ಪ್ರಾಣಿಗಳಿಗೆ ಒಳಿತೋ ಕೆಡುಕೋ ಎಂಬ ಚರ್ಚೆ ಮುಂದೆ ಸಾಗದಿರಲು ಮುಖ್ಯ ಕಾರಣ, ಎಲ್ಲ ಪ್ರಾಣಿಗಳಿಗೂ ಒಂದೇ ಉತ್ತರವನ್ನು ಹುಡುಕುವ ಅಭ್ಯಾಸ. ಅಲೆದಾಟದ ವ್ಯಾಪ್ತಿ, ಸಂಗದ ಅಗತ್ಯ, ಆಹಾರ ಹುಡುಕುವ ರೀತಿ ಇವೆಲ್ಲ ಜಾತಿಯಿಂದ ಜಾತಿಗೆ ಬೇರೆಯಾಗಿರುವುದರಿಂದ, ಆಮೆ ನೆಮ್ಮದಿಯಿಂದ ಬಾಳುವ ಆವರಣದ ಪಕ್ಕದಲ್ಲೇ ಆನೆ ನರಳುತ್ತಿರಬಹುದು. 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರಿನ ಮೃಗಾಲಯ ಈ ಪರಿಶೀಲನೆಗೆ ತಕ್ಕ ಉದಾಹರಣೆ. ದೇಶದಲ್ಲಿ ಚೆನ್ನಾಗಿ ನಡೆಯುವ ಮೃಗಾಲಯಗಳ ಸಾಲಿಗೆ ಅದು ಸೇರುವುದರಿಂದ, ಅಲ್ಲಿ ಕಾಣುವ ಕೊರತೆಗಳನ್ನು ಬರಿಯ ನಿರ್ಲಕ್ಷ್ಯದ ಫಲವೆಂದು ತಳ್ಳಿಹಾಕಲಾಗದು.

ಬಂಧನದ ಪರಿಣಾಮ ಮೊದಲು ಕಾಣಿಸಿಕೊಳ್ಳುವುದು ಪ್ರಾಣಿಯ ಚಲನವಲನದಲ್ಲಿ. ಚಿರತೆಯೊಂದು ಬೇಲಿಯ ಗುಂಟ ಈ ತುದಿಯಿಂದ ಆ ತುದಿಗೆ ಹೋಗಿ, ಪ್ರತಿಸಲವೂ ಅದೇ ಜಾಗದಲ್ಲಿ ಅದೇ ಮಗ್ಗುಲಿಗೆ ಹೊರಳಿ ಹಿಂದಿರುಗುತ್ತ, ಹುಲ್ಲು ಸವೆದು ನೆಲ ಗಟ್ಟಿಯಾಗುವವರೆಗೆ ತುಳಿಯುತ್ತದೆ. ಆನೆ ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ಬಹಳ ಹೊತ್ತು ತಲೆ ತೂಗುತ್ತದೆ. ಉದ್ದೇಶವಿಲ್ಲದೆ ಒಂದೇ ಬಗೆಯಲ್ಲಿ ಮರುಕಳಿಸುವ ಇಂಥ ಚಲನೆಗೆ ಪ್ರಾಣಿವರ್ತನೆಯ ಶಾಸ್ತ್ರದಲ್ಲಿ ಸ್ಟೀರಿಯೋಟಿಪಿ ಎಂಬ ಹೆಸರಿದೆ. ಆನೆ ಕುಣಿಯುತ್ತಿದೆ ಎಂದು ಹೆತ್ತವರು ಮಕ್ಕಳಿಗೆ ತೋರಿಸುವುದು ಇದನ್ನೇ. ರಾಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ ಎಂಬ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾಂಸಾಹಾರಿಗಳಲ್ಲಿ ಯಾವ ಜಾತಿ ಕಾಡಿನಲ್ಲಿ ಹೆಚ್ಚು ವಿಸ್ತಾರವಾಗಿ ಅಲೆಯುತ್ತದೆಯೋ ಆ ಜಾತಿಯಲ್ಲಿ ಬಂಧನದೊಳಗಿನ ಈ ನಡಿಗೆಯೂ ಮರಿಗಳ ಸಾವೂ ಹೆಚ್ಚು. ಅವರೂ ಸಹಸಂಶೋಧಕರೂ 2008ರಲ್ಲಿ ಆನೆಗಳ ಕುರಿತು ಕಂಡುಕೊಂಡದ್ದು ಇನ್ನೂ ಕಳವಳಕಾರಿ. ಏಷ್ಯಾದ ಹೆಣ್ಣಾನೆಗಳ ಮಧ್ಯಕ ಆಯುಷ್ಯ, ಅಂದರೆ ಒಂದು ಗುಂಪಿನಲ್ಲಿ ಅರ್ಧದಷ್ಟು ಸತ್ತು ಅರ್ಧದಷ್ಟು ಉಳಿದಿರುವ ವಯಸ್ಸು, ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದವುಗಳಲ್ಲಿ 18.9 ವರ್ಷವಾದರೆ, ಮ್ಯಾನ್ಮಾರಿನಲ್ಲಿ ಮರ ಎಳೆಯುವ ಆನೆಗಳಲ್ಲಿ 41.7 ವರ್ಷ. ವೈದ್ಯರೂ ಹೊತ್ತುಹೊತ್ತಿಗೆ ಮೇವೂ ಇರುವ ಮೃಗಾಲಯಕ್ಕಿಂತ ದುಡಿಮೆಯ ಕಾಡಿನಲ್ಲಿ ಆನೆ ಹೆಚ್ಚು ಕಾಲ ಬದುಕುತ್ತದೆ ಎಂಬುದಕ್ಕೆ ಮೃಗಾಲಯದ ಸಮರ್ಥಕರು ಇನ್ನೂ ತೃಪ್ತಿಕರವಾದ ಸಮಾಧಾನ ಹೇಳಿಲ್ಲ.

ಸಮರ್ಥಕರ ಬಲವಾದ ವಾದವಿರುವುದು ಸಂತಾನೋತ್ಪತ್ತಿಯಲ್ಲಿ. 1972ರಲ್ಲಿ ಕಾಡಿನಿಂದ ಪೂರ್ತಿ ಅಳಿದಿದ್ದ ಅರೇಬಿಯಾದ ಓರಿಕ್ಸ್ ಎಂಬ ಜಿಂಕೆಯಂಥ ಪ್ರಾಣಿ, ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಉಳಿಸಿ ಬೆಳೆಸಿದ ಹಿಂಡಿನ ಬಲದಿಂದ 1982ರಲ್ಲಿ ಒಮಾನಿನ ಮರುಭೂಮಿಗೆ ಮರಳಿತು. ಇದು ನಿಜವಾದ ಸಾಧನೆ. ಆದರೆ ಹುಟ್ಟಿದ ಮರಿಗಳೆಲ್ಲ ಸಂರಕ್ಷಣೆಯ ಲೆಕ್ಕಕ್ಕೆ ಬರುವುದಿಲ್ಲ. 1951ರಲ್ಲಿ ರೇವಾದಲ್ಲಿ ಸೆರೆಸಿಕ್ಕ ಮೋಹನ್ ಎಂಬ ಬಿಳಿ ಹುಲಿಯನ್ನು ಅದರ ಮಗಳೊಡನೆಯೇ ಕೂಡಿಸಿ ಬಿಳಿ ಮರಿಗಳನ್ನು ಪಡೆಯಲಾಯಿತು. ಬಣ್ಣವನ್ನು ಉಳಿಸಿಕೊಳ್ಳಲು ಮುಂದೆಯೂ ರಕ್ತಸಂಬಂಧದೊಳಗೇ ಕೂಡಿಸುತ್ತ ಹೋದದ್ದರ ಜೊತೆಗೆ ಆ ವಂಶದಲ್ಲಿ ಮೆಳ್ಳೆಗಣ್ಣಿನಂಥ ದೋಷಗಳೂ ಉಳಿದುಬಂದವು. ಬಿಳಿ ಹುಲಿ ಬೇರೆ ಜಾತಿಯೇ ಅಲ್ಲ, ಅದನ್ನು ಕಾಡಿಗೆ ಬಿಡುವ ಯೋಜನೆಯೂ ಇಲ್ಲ. ಜನ ಮುಗಿಬಿದ್ದು ನೋಡುತ್ತಾರೆ ಎಂಬುದಷ್ಟೇ ಅದರ ಸಾಕಣೆಗಿರುವ ಆಧಾರ.

ಇದಕ್ಕೆ ವ್ಯತಿರಿಕ್ತವಾಗಿ, ಟಿಕೆಟ್ಟಿನ ಸಾಲಿಗೆ ಕಾಣದ ಕಡೆ ಮೃಗಾಲಯ ವ್ಯವಸ್ಥೆಯ ಅತ್ಯಂತ ಮೌಲಿಕವಾದ ಕೆಲಸ ನಡೆಯುತ್ತದೆ. ಮೂಗಿಗೆ ಹಗ್ಗ ಪೋಣಿಸಿ, ಹಲ್ಲು ಕಿತ್ತು, ಊರೂರು ಕುಣಿಸುತ್ತಿದ್ದ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ 2005ರಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. ಹಲ್ಲಿಲ್ಲದ ಕರಡಿ ಕಾಡಿನಲ್ಲಿ ಬದುಕಲಾರದು. ಅದಕ್ಕೆ ಆವರಣವೇ ಆಸರೆ. ಅಲ್ಲಿ ಜೇನನ್ನು ಮರದ ಬೊಡ್ಡೆಯ ಬಿರುಕಿನಲ್ಲಿ ಅಡಗಿಸಿಟ್ಟು, ಕರಡಿ ಮೂಸಿ, ಕೆರೆದು, ಶ್ರಮಪಟ್ಟು ಪಡೆಯುವಂತೆ ಮಾಡುವಂಥ ಕ್ರಮಕ್ಕೆ ಪರಿಸರ ಸಮೃದ್ಧೀಕರಣ ಎಂಬ ಪಾರಿಭಾಷಿಕ ಹೆಸರಿದೆ. ಊರಿಗೆ ನುಗ್ಗಿ ಸೆರೆಯಾದ ಹುಲಿ, ಚಿರತೆಗಳನ್ನು ಮೈಸೂರು ಮೃಗಾಲಯ ಕೂರ್ಗಳ್ಳಿಯ ಕೇಂದ್ರದಲ್ಲಿ ಸಾಕುತ್ತಿದೆ. ಅಲ್ಲಿಗೆ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ವಾರಕ್ಕೊಂದು ದಿನ, ಮೈಸೂರಿನಲ್ಲಿ ಮಂಗಳವಾರ, ಪ್ರಾಣಿಗಳು ಜನರಿಲ್ಲದೆ ಕಳೆಯಲಿ ಎಂಬ ನಿಯಮವೂ ಪ್ರಾಣಿಯ ಬೇಸರವನ್ನು ಒಪ್ಪಿಕೊಂಡದ್ದರ ಫಲವೇ.

ಸಂಗದ ಪ್ರಶ್ನೆಯಲ್ಲಿ ಮೈಸೂರಿನ ದಾಖಲೆ ಅಷ್ಟು ಸಮಾಧಾನ ತರುವುದಿಲ್ಲ. ಡಬ್ಲಿನ್‌ನಿಂದ 1995ರಲ್ಲಿ ಬಂದ ಪೋಲೊ ಎಂಬ ಗೊರಿಲ್ಲಾ, ಗುಂಪಿನಲ್ಲೇ ಬಾಳುವ ಜಾತಿಗೆ ಸೇರಿದ್ದರೂ, ದೇಶದಲ್ಲೇ ಇನ್ನೊಂದು ಗೊರಿಲ್ಲಾ ಇಲ್ಲದ ಸ್ಥಿತಿಯಲ್ಲಿ ವರ್ಷಗಟ್ಟಲೆ ಒಂಟಿಯಾಗಿದ್ದು 2014ರಲ್ಲಿ ಸತ್ತಿತು. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಎರಡು ಗಂಡುಗಳು ಒಟ್ಟಾಗಿ ಬಂದದ್ದು ಆ ತಪ್ಪಿನಿಂದ ಪಾಠ ಕಲಿತ ಲಕ್ಷಣ. ಗೊರಿಲ್ಲಾ ಗುಂಪಿನಲ್ಲಿ ಪ್ರಾಯದ ಗಂಡು ಸಾಮಾನ್ಯವಾಗಿ ಒಂದೇ ಇರುವುದರಿಂದ, ಹೆಚ್ಚಿಗೆ ಹುಟ್ಟುವ ಗಂಡುಗಳಿಗೆ ಹೀಗೆ ಜೊತೆ ಕಲ್ಪಿಸುವುದು ಒಪ್ಪತಕ್ಕ ಪದ್ಧತಿ. ಎರಡೂ ಗಂಡುಗಳಾದ್ದರಿಂದ ಸಂತತಿಯ ಲಾಭವೇನೂ ಇಲ್ಲವೆಂಬುದನ್ನು ಮಾತ್ರ ಮರೆಮಾಚಬಾರದು.

ಆನೆಗಳ ವಿಷಯದಲ್ಲಿ ಪಾಠ ಇನ್ನೂ ನೀತಿಯಾಗಿ ನೆಲೆಗೊಂಡಿಲ್ಲ. ಮೃಗಾಲಯದ ಆನೆಗಳನ್ನು ಕಾಡಂಚಿನ ಶಿಬಿರಗಳಿಗೆ ಸಾಗಿಸಬೇಕೆಂದು ಕೇಂದ್ರ ಮೃಗಾಲಯ ಪ್ರಾಧಿಕಾರ 2009ರಲ್ಲೇ ಸೂಚಿಸಿತ್ತು. ಹಾಗಿದ್ದೂ 2025ರ ಜುಲೈನಲ್ಲಿ ಬನ್ನೇರುಘಟ್ಟದ ನಾಲ್ಕು ಆನೆಗಳು ಚೀತಾ, ಜಾಗ್ವಾರ್, ಚಿಂಪಾಂಜಿ ಮೊದಲಾದವುಗಳಿಗೆ ವಿನಿಮಯವಾಗಿ ವಿಮಾನದಲ್ಲಿ ಜಪಾನಿನ ಹಿಮೇಜಿಗೆ ಹೋದವು. ಇಂಥ ವಿನಿಮಯದ ಸಮರ್ಥನೆಗೆ ಹೊಸ ಪ್ರಾಣಿಗಳ ಪಟ್ಟಿ ಸಾಲದು. ಹೋದ ಆನೆಗಳ ನಡೆ, ನಿದ್ದೆ, ತೂಕ, ಕಾಲಿನ ಸ್ಥಿತಿ, ಒಡನಾಟ ಇವುಗಳ ವರದಿಯನ್ನು ವರ್ಷ ವರ್ಷವೂ ತರಿಸಿ ಸಾರ್ವಜನಿಕರ ಮುಂದಿಡುವ ಕರಾರು ಪ್ರತಿ ಒಪ್ಪಂದದಲ್ಲೂ ಇರಬೇಕು, ಅದಕ್ಕೆ ಒಪ್ಪದ ಮೃಗಾಲಯಕ್ಕೆ ಆನೆಯನ್ನು ಕೊಡಬಾರದು.