ಕೇಳದೆ ಪಡೆದ ಸತ್ಯ

ವಿಧೇಯತೆ ಒಂದು ಸದ್ಗುಣವೆಂದು ನಾವು ನಮ್ಮ ಮಕ್ಕಳಿಗೆ ಕಲಿಸುತ್ತೇವೆ. ಆದರೆ ಆಜ್ಞಾಪಿಸುವವನೇ ಅನ್ಯಾಯಕ್ಕೆ ಪ್ರೇರೇಪಿಸಿದರೆ ಸಾಮಾನ್ಯ ಮನುಷ್ಯನು ಏನು ಮಾಡುತ್ತಾನೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ ಗ್ರಂಥಗಳಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಅವರ ‘ಒಬೀಡಿಯನ್ಸ್ ಟು ಅಥಾರಿಟಿ’ (1974) ಬಹು ಪ್ರಸಿದ್ಧವಾದುದು. ಇದು ಓದಲೇಬೇಕಾದ ಗ್ರಂಥ. ಆದರೆ ಪ್ರಶ್ನಿಸದೆ ಒಪ್ಪಿಕೊಳ್ಳಬೇಕಾದ ಗ್ರಂಥವಲ್ಲ.

ನಾಜಿ ಅಧಿಕಾರಿ ಐಕ್‌ಮನ್‌ನ ವಿಚಾರಣೆ ಜೆರುಸಲೇಮಿನಲ್ಲಿ ನಡೆದ 1961ರಲ್ಲೇ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಈ ಪ್ರಯೋಗಗಳು ಆರಂಭವಾದವು. ಸ್ಮರಣಶಕ್ತಿಯ ಅಧ್ಯಯನಕ್ಕೆ ಜನರು ಬೇಕಾಗಿದ್ದಾರೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಡಲಾಯಿತು. ಬಂದವನಿಗೆ ‘ಶಿಕ್ಷಕ’ನ ಪಾತ್ರ. ಇನ್ನೊಬ್ಬನು ‘ವಿದ್ಯಾರ್ಥಿ’. ವಿದ್ಯಾರ್ಥಿ ತಪ್ಪು ಉತ್ತರ ಕೊಟ್ಟಾಗಲೆಲ್ಲ ಶಿಕ್ಷಕನು ಅವನಿಗೆ ವಿದ್ಯುದಾಘಾತ ಕೊಡಬೇಕು. 15 ವೋಲ್ಟ್‌ನಿಂದ ಆರಂಭಿಸಿ 450 ವೋಲ್ಟ್‌ವರೆಗೆ ಏರಬೇಕು. ವಾಸ್ತವದಲ್ಲಿ ವಿದ್ಯುತ್ ಹರಿಯುತ್ತಿರಲಿಲ್ಲ. ವಿದ್ಯಾರ್ಥಿಯು ಸಂಶೋಧಕರ ಕಡೆಯವನೇ ಆಗಿದ್ದನು. ಇದನ್ನರಿಯದ ಶಿಕ್ಷಕನು ಹಿಂಜರಿದಾಗ, ಮುಂದುವರಿಸಲೇಬೇಕೆಂದು ಪ್ರಯೋಗಕಾರನು ಒತ್ತಾಯಿಸುತ್ತಿದ್ದನು. 1963ರಲ್ಲಿ ಪ್ರಕಟವಾದ ಮೊದಲ ವರದಿಯಂತೆ 40 ಮಂದಿಯಲ್ಲಿ 26 ಮಂದಿ ಕೊನೆಯ ಗುಂಡಿಯನ್ನೂ ಒತ್ತಿದರು.

ಈ ಅಂಕಿಯು ಮನುಷ್ಯನ ದೌರ್ಬಲ್ಯಕ್ಕೆ ಹಿಡಿದ ಕನ್ನಡಿ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ವರದಿ ಮತ್ತೊಂದು ಸಂಗತಿಯನ್ನೂ ಹೇಳುತ್ತದೆ: ಅವರು ಬೆವರಿದರು, ನಡುಗಿದರು, ತೊದಲಿದರು, ತುಟಿ ಕಚ್ಚಿಕೊಂಡರು. ಸಹಮಾನವನನ್ನು ಹಿಂಸಿಸುತ್ತಿದ್ದೇನೆಂಬ ಸಂಕಟವನ್ನು ಅವರು ನಿಜವಾಗಿಯೇ ಅನುಭವಿಸಿದರು. ಅಧಿಕಾರದ ಹೆಸರಿನಲ್ಲಿ ಮನುಷ್ಯನು ಇನ್ನೊಬ್ಬನನ್ನು ನೋಯಿಸುವನೇ ಎಂದು ಪರೀಕ್ಷಿಸಹೊರಟ ವಿಜ್ಞಾನವು, ತಾನೇ ವಿಜ್ಞಾನದ ಅಧಿಕಾರದಿಂದ ಮನುಷ್ಯರನ್ನು ನೋಯಿಸಿತು. ಈ ವಿಪರ್ಯಾಸವನ್ನು ಗ್ರಂಥವು ಸಾಕಷ್ಟು ಗಂಭೀರವಾಗಿ ಎದುರಿಸುವುದಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ.

1964ರಲ್ಲೇ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್ರಿಂಡ್ ಈ ವಿಧಾನವನ್ನು ಖಂಡಿಸಿದ್ದರು. ಪಾಲ್ಗೊಂಡವರಲ್ಲಿ ಶೇಕಡ 84ರಷ್ಟು ಮಂದಿ ತಮಗೆ ಸಂತೋಷವೇ ಆಯಿತೆಂದು ಅನಂತರ ತಿಳಿಸಿದರೆಂಬುದು ಮಿಲ್‌ಗ್ರಾಂ ಅವರ ಸಮರ್ಥನೆ. ಈ ವಾದವು ನಿಲ್ಲುವುದಿಲ್ಲ. ಆದ ಮೇಲೆ ಸಹಿಸಿಕೊಳ್ಳುವುದು ಬೇರೆ, ಮೊದಲೇ ಒಪ್ಪುವುದು ಬೇರೆ. ಅಲ್ಲದೆ, ಹಲವರನ್ನು ಪೂರ್ಣ ಸತ್ಯ ತಿಳಿಸದೆಯೇ ಮನೆಗೆ ಕಳುಹಿಸಲಾಗಿತ್ತೆಂದು ಜೀನಾ ಪೆರಿ ಎಂಬ ಲೇಖಕಿ ಹಳೆಯ ದಾಖಲೆಗಳನ್ನು ಶೋಧಿಸಿ 2012ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ.

ಗ್ರಂಥದಲ್ಲಿ ನಮ್ಮನ್ನು ವಿಶೇಷವಾಗಿ ಸೆಳೆಯುವ ವ್ಯಕ್ತಿಯೊಬ್ಬರಿದ್ದಾರೆ. ಹಳೆಯ ಒಡಂಬಡಿಕೆಯನ್ನು ಬೋಧಿಸುತ್ತಿದ್ದ ಅವರು 150 ವೋಲ್ಟ್‌ನಲ್ಲಿಯೇ ಪ್ರಯೋಗವನ್ನು ನಿರಾಕರಿಸಿದರು. ದೇವರೇ ಪರಮಾಧಿಕಾರಿಯೆಂದು ನಂಬಿದವನಿಗೆ ಮನುಷ್ಯರ ಅಧಿಕಾರ ಕ್ಷುಲ್ಲಕವಾಗುತ್ತದೆಂಬುದು ಅವರ ನಿಲುವಾಗಿತ್ತು. ಇವರು ಅಧಿಕಾರವನ್ನು ತಿರಸ್ಕರಿಸಲಿಲ್ಲ, ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರಷ್ಟೇ ಎಂದು ಮಿಲ್‌ಗ್ರಾಂ ವ್ಯಾಖ್ಯಾನಿಸುತ್ತಾರೆ. ಆದರೆ ಆ ದೈವಾಧಿಕಾರವು ಅವರ ಬಾಯಿ ಮುಚ್ಚಿಸಲಿಲ್ಲ. ಎದುರಿದ್ದ ಮನುಷ್ಯನ ನೋವಿಗೆ ಅವರ ಕಿವಿಯನ್ನು ತೆರೆಯಿತು. ಈ ಭೇದವನ್ನು ಗ್ರಂಥಕರ್ತರು ಗುರುತಿಸಲಿಲ್ಲ.

ಸಂತ ಯೊವಾನ್ನರ ಶುಭಸಂದೇಶದ ಐದನೆಯ ಅಧ್ಯಾಯವನ್ನು ನೆನೆಯಿರಿ. 38 ವರ್ಷಗಳಿಂದ ರೋಗಿಯಾಗಿದ್ದವನ ಬಳಿಗೆ ಬಂದ ಯೇಸುಸ್ವಾಮಿ, ಮೊದಲು ಅವನ ಇಚ್ಛೆಯೇನೆಂದು ಕೇಳಿದರು, ಗುಣಪಡಿಸಿದ್ದು ಅನಂತರ. ಒಳಿತನ್ನು ಮಾಡುವಾಗಲೂ ಕೇಳಿದವರು ಅವರು. ಹಾಗಿರುವಾಗ ಜ್ಞಾನಕ್ಕಾಗಿ ನೋಯಿಸುವವರು ಕೇಳದಿರಬಹುದೇ?

ಜಗತ್ತು ನಿಧಾನವಾಗಿಯಾದರೂ ಪಾಠ ಕಲಿಯಿತು. ಅಮೆರಿಕದ 1979ರ ಬೆಲ್ಮಾಂಟ್ ವರದಿಯು ವ್ಯಕ್ತಿಗೌರವ, ಹಿತಸಾಧನೆ, ನ್ಯಾಯ ಎಂಬ ಮೂರು ತತ್ತ್ವಗಳನ್ನು ಸ್ಥಾಪಿಸಿತು. ಜೆರ್ರಿ ಬರ್ಗರ್ ಎಂಬ ಸಂಶೋಧಕರು ದುರ್ಬಲ ಮನಸ್ಸಿನವರನ್ನು ಮೊದಲೇ ಹೊರಗಿಟ್ಟು, 150 ವೋಲ್ಟ್‌ಗೇ ನಿಲ್ಲಿಸಿ, ಸತ್ಯವನ್ನು ತಕ್ಷಣವೇ ತಿಳಿಸಿ ನಡೆಸಿದ ಪ್ರಯೋಗವನ್ನು 2009ರಲ್ಲಿ ಪ್ರಕಟಿಸಿದರು. ಅಲ್ಲಿಯೂ ಮರೆಮಾಚುವಿಕೆ ಇತ್ತು. ಆದರೂ ಕರುಣೆಯ ಮಿತಿಯಿಂದ ಜ್ಞಾನವು ಬರಡಾಗುವುದಿಲ್ಲವೆಂದು ಅದು ತೋರಿಸಿತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳು, ಮಕ್ಕಳ ಮೇಲಿನ ಸಂಶೋಧನೆಗೆ ತಂದೆತಾಯಿಯರ ಸಮ್ಮತಿಯ ಜೊತೆಗೆ ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕೆನ್ನುತ್ತವೆ.

ಓದುಗರೇ, ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಧರ್ಮಕೇಂದ್ರದಲ್ಲೋ ಯಾರಾದರೂ ಪ್ರಶ್ನಾವಳಿ ಹಿಡಿದು ನಿಮ್ಮ ಬಳಿಗೆ ಬಂದಾರು. ಉದ್ದೇಶವೇನು, ಉತ್ತರಗಳು ಗುಟ್ಟಾಗಿರುವವೇ, ನಡುವೆ ಬಿಟ್ಟುಬಿಡಬಹುದೇ ಎಂದು ವಿನಯದಿಂದಲೇ ಕೇಳಿ. ಪರಿಚಿತ ಗುರುಗಳೋ ಶಿಕ್ಷಕರೋ ಹೇಳಿದರೆಂಬ ಒಂದೇ ಕಾರಣಕ್ಕೆ ಸಹಿ ಹಾಕಬೇಡಿ. ಹಾಗೆ ಕೇಳುವುದು ಅವಿಧೇಯತೆಯಲ್ಲ. ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ಮನುಷ್ಯನು ಬರಿಯ ಪ್ರಯೋಗವಸ್ತುವಲ್ಲವೆಂದು ನೆನಪಿಸುವ ಕರ್ತವ್ಯ ಅದು.