ಗೋಡೆಯ ಮೇಲಿನ ಮುಖ, ಗೋಡೆಯ ಮೇಲಿನ ಹೆಸರು

ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬದಲ್ಲಿ ನವನಾರೀಕುಂಜರದ ಕೆತ್ತನೆಯಿದೆ. ದೂರದಿಂದ ಆನೆ, ಸಮೀಪಿಸಿದರೆ ಒಂಬತ್ತು ಮಂದಿ ಸ್ತ್ರೀಯರು. ಒಂದು ರೂಪವನ್ನು ಕಾಣಲು ಇನ್ನೊಂದನ್ನು ಅಳಿಸಬೇಕಾಗಿಲ್ಲ. ನೋಡುವವರ ಬುದ್ಧಿಗೆ ಶಿಲ್ಪಿ ಸಲ್ಲಿಸಿದ ಗೌರವವಿದು. ರಾಜಕೀಯ ಭಿತ್ತಿಪತ್ರವು ಈ ಗೌರವವನ್ನು ಉಳಿಸಿಕೊಳ್ಳಬಲ್ಲುದೆ? ಈ ಪ್ರಶ್ನೆಗೆ ಯುದ್ಧೋತ್ತರ ಇಟಲಿಯ ಅನುಭವ ತಕ್ಕ ಒರೆಗಲ್ಲು.

1934ರ ಮತದಾನದ ಸಂದರ್ಭದಲ್ಲಿ ರೋಮಿನ ಬ್ರಾಸ್ಕಿ ಅರಮನೆಯ ಮುಂಭಾಗವನ್ನು ಮುಸೊಲಿನಿಯ ಬೃಹತ್ ಮುಖ ಆಳುತ್ತಿತ್ತು. ಸುತ್ತಲೂ 'ಹೌದು, ಹೌದು' ಎಂಬ ಒಂದೇ ಪದ. ನೋಡುವವರಿಗೆ ಉಳಿದದ್ದು ತಲೆಯಾಡಿಸುವ ಕೆಲಸ ಮಾತ್ರ. 1945ರಲ್ಲಿ ಆ ಆಳ್ವಿಕೆ ಅಳಿಯಿತು. ಆ ಚಿತ್ರಭಾಷೆ ಅಳಿಯಲಿಲ್ಲ. ಫ್ಯಾಸಿಸ್ಟರೊಡನೆ ಹೋರಾಡಿದ ದಳಗಳು ಗರಿಬಾಲ್ಡಿಯ ಹೆಸರನ್ನು ಹೊತ್ತಿದ್ದವು. 1948ರ ಚುನಾವಣೆಯಲ್ಲಿ ಎಡಪಕ್ಷಗಳ ಕೂಟವು ಅವನ ಮುಖವನ್ನೇ ಲಾಂಛನವಾಗಿಸಿಕೊಂಡಿತು. ತಲೆಕೆಳಗಾಗಿ ಹಿಡಿದರೆ ಆ ಮುಖವೇ ಸ್ಟಾಲಿನ್ ಆಗುವಂಥ ಚಿತ್ರವನ್ನು ಎದುರಾಳಿಗಳು ಹಂಚಿದರು. ಇದೂ ಒಂದರಲ್ಲಿ ಎರಡು ರೂಪವೇ. ಆದರೆ ಇಲ್ಲಿ ಎರಡನೆಯದು ಮೊದಲನೆಯದನ್ನು ಸುಳ್ಳೆನ್ನುವುದಕ್ಕಾಗಿಯೇ ಹುಟ್ಟಿದೆ. ಉಭಯ ಪಕ್ಷಗಳೂ ನೆಚ್ಚಿದ್ದು ಮುಖದ ಬಲವನ್ನು.

ಬೇರೆ ದಾರಿ ಹಿಡಿದವನು ಮಿಲಾನಿನ ವಿನ್ಯಾಸಕಾರ ಆಲ್ಬೆ ಸ್ಟೈನರ್ (1913–1974). 1924ರಲ್ಲಿ ಫ್ಯಾಸಿಸ್ಟರಿಂದ ಹತನಾದ ಸಂಸತ್ಸದಸ್ಯ ಮತ್ತಿಯೊತ್ತಿ ಈತನ ತಾಯಿಯ ಸೋದರಿಯ ಪತಿ. ದ್ವೇಷಕ್ಕೆ ಕಾರಣ ಮನೆಯಲ್ಲೇ ಇತ್ತು. ಆದರೂ 1945ರಲ್ಲಿ ವಿತ್ತೊರೀನಿಯ 'ಇಲ್ ಪೊಲಿತೆಕ್ನಿಕೊ' ಪತ್ರಿಕೆಗೆ ಈತ ಕೊಟ್ಟ ರೂಪದಲ್ಲಿ ಇದ್ದುದು ಕೆಂಪು, ಕಪ್ಪು ಎಂಬ ಎರಡೇ ಬಣ್ಣ, ಸ್ಫುಟವಾದ ಅಕ್ಷರ, ಸಾಕ್ಷ್ಯದಂಥ ಛಾಯಾಚಿತ್ರ. ಒಪ್ಪು ಎಂಬ ಒತ್ತಾಯವಲ್ಲ. ಓದಿ ತೂಗು ಎಂಬ ಆಹ್ವಾನ.

ದಾರಿಹೋಕನ ಕಣ್ಣನ್ನು ಮುಖ ಬೇಗ ಮುಟ್ಟುತ್ತದೆ, ಅಕ್ಷರಕ್ಕೆ ಬಿಡುವು ಬೇಕು, ಓದುಬಾರದವನಿಗೆ ಅದು ಮೂಕ ಎಂಬ ಆಕ್ಷೇಪವುಂಟು. ಆಕ್ಷೇಪ ಸುಳ್ಳಲ್ಲ, ಚುನಾವಣೆಯನ್ನು ಗೆಲ್ಲುವುದಷ್ಟೇ ಗುರಿಯಾದರೆ ಮುಖವೇ ಮೇಲು. ಆದರೆ ಅಲ್ಪಾವಧಿಯ ಗೆಲುವಿಗಾಗಿ ಎದುರಾಳಿಯ ಸಾಧನವನ್ನು ಎತ್ತಿಕೊಂಡವರು ಅವನ ಅಭ್ಯಾಸವನ್ನೂ ಎತ್ತಿಕೊಳ್ಳುತ್ತಾರೆ. ಜನರು ಯೋಚಿಸದೆ ಒಪ್ಪುವುದನ್ನು ಕಲಿತರೆ, ನಾಳೆ ಯಾರ ಮುಖಕ್ಕಾದರೂ ಒಪ್ಪಿಯಾರು.

1973ರಲ್ಲಿ ಕಾರ್ಪಿ ಪಟ್ಟಣದಲ್ಲಿ, ನಾಜಿ ಶಿಬಿರಗಳಿಗೆ ಸಾಗಿಸಲ್ಪಟ್ಟವರ ಸ್ಮಾರಕ ತೆರೆಯಿತು. ಅದರ ವಿನ್ಯಾಸದಲ್ಲಿ ಸ್ಟೈನರನ ಪಾಲೂ ಇದೆ. ಅಲ್ಲಿನ ಕೊನೆಯ ಕೋಣೆಯ ಗೋಡೆಗಳ ಮೇಲೆ ಬರೆದಿರುವುದು 14,000ಕ್ಕೂ ಹೆಚ್ಚು ಹೆಸರುಗಳು. ಒಬ್ಬನ ಮುಖ ತುಂಬಿದ್ದ ಗೋಡೆಗೆ ಅಷ್ಟು ಮಂದಿಯ ಹೆಸರು ಹೊತ್ತ ಗೋಡೆಯೇ ಉತ್ತರವಾಯಿತು.

ಚುನಾವಣೆ ಬಂದರೆ ಬಂಟ್ವಾಳ, ಬೆಳ್ತಂಗಡಿಯ ಪೇಟೆಗಳಲ್ಲೂ ಎದ್ದು ನಿಲ್ಲುವುದು ಮುಖಗಳೇ. ಅವು ಯಾವ ಪಕ್ಷದವೆಂದು ವಿಚಾರಿಸುವ ಮುನ್ನ, ಅವು ನಮ್ಮಿಂದ ಏನನ್ನು ಬೇಡುತ್ತಿವೆ, ವಿವೇಚನೆಯನ್ನೋ ತಲೆಯಾಡಿಕೆಯನ್ನೋ ಎಂದು ಕೇಳಿಕೊಳ್ಳುವುದು ಓದುಗರ ಹೊಣೆ.